ಪ್ರಾರ್ಥನೆಗೆ ಹೋದ ಇಬ್ಬರು: 17ನೆಯ ಶತಮಾನದ ಇಂಗ್ಲಿಷ್ ಧಾರ್ಮಿಕ ಕಿರುಪದ್ಯಗಳು

17ನೆಯ ಶತಮಾನದ ಇಂಗ್ಲಿಷ್ ಕಾವ್ಯವನ್ನು ಓದುವಾಗ ವಿಡಂಬನೆಯನ್ನು ಒಂದು ಪಾಠವಾಗಿಯೂ ಭಕ್ತಿಯನ್ನು ಮತ್ತೊಂದು ಪಾಠವಾಗಿಯೂ ಬೇರ್ಪಡಿಸಿಕೊಳ್ಳುತ್ತೇವೆ. ಧರ್ಮವನ್ನು ಕುರಿತ ಕಿರುಪದ್ಯಗಳ ಮಟ್ಟಿಗೆ ಈ ವಿಂಗಡಣೆ ನಿಲ್ಲುವುದಿಲ್ಲ ಎಂಬುದಕ್ಕೆ ರಿಚರ್ಡ್ ಕ್ರ್ಯಾಷಾನ ಆರು ಸಾಲಿನ ಒಂದು ಪದ್ಯವೇ ಸಾಕು. 1646ರಲ್ಲಿ ಪ್ರಕಟವಾದ ‘ಸ್ಟೆಪ್ಸ್ ಟು ದ ಟೆಂಪಲ್’ ಸಂಕಲನದಲ್ಲಿರುವ ಆ ಪದ್ಯದ ವಸ್ತು ಲೂಕನ ಸುವಾರ್ತೆಯ 18ನೆಯ ಅಧ್ಯಾಯದಿಂದ ಬಂದದ್ದು: ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಗಡದ ಫರಿಸಾಯನೊಬ್ಬ, ಜನ ಪಾಪಿಯೆಂದು ಕಾಣುತ್ತಿದ್ದ ಸುಂಕ ವಸೂಲಿಯ ಸುಂಕದವನೊಬ್ಬ ದೇವಾಲಯಕ್ಕೆ ಪ್ರಾರ್ಥನೆಗೆಂದು ಹೋಗುತ್ತಾರೆ.

‘ಇಬ್ಬರು ಪ್ರಾರ್ಥಿಸಲು ಹೋದರೇ?’ ಎಂದು ಕವಿ ಕೇಳುತ್ತಾನೆ; ಒಬ್ಬ ಕೊಚ್ಚಿಕೊಳ್ಳಲು ಹೋದ, ಇನ್ನೊಬ್ಬ ಪ್ರಾರ್ಥಿಸಲು ಹೋದ ಎಂದು ತಾನೇ ತಿದ್ದುತ್ತಾನೆ. ಒಬ್ಬ ಎತ್ತರದಲ್ಲಿ ಸನಿಹಕ್ಕೆ ಹೋಗಿ ನಿಲ್ಲುತ್ತಾನೆ, ಇನ್ನೊಬ್ಬನಿಗೆ ಅತ್ತ ಕಣ್ಣೆತ್ತಿ ನೋಡುವ ಧೈರ್ಯವೂ ಇಲ್ಲ. ಕೊನೆಯ ಎರಡು ಸಾಲುಗಳನ್ನು ಕನ್ನಡದಲ್ಲಿ ಹೀಗೆ ಹೇಳಬಹುದು: ಒಬ್ಬ ದೇವರ ಪೀಠಕ್ಕೆ ಹತ್ತಿರವಾದ, ಇನ್ನೊಬ್ಬ ಪೀಠದ ದೇವರಿಗೆ. ಎರಡೇ ಪದಗಳು ಜಾಗ ಬದಲಿಸಿಕೊಂಡಿವೆ. ನಮ್ಮ ಷಷ್ಠೀ ವಿಭಕ್ತಿಯೂ ಈ ಅದಲುಬದಲನ್ನು ಅಷ್ಟೇ ಸಲೀಸಾಗಿ ತಾಳಿಕೊಳ್ಳುತ್ತದೆ ಎಂಬುದನ್ನು ಗಮನಿಸಬೇಕು. ಮೊದಲ ಪಾದ ಫರಿಸಾಯನನ್ನು ಚುಚ್ಚುತ್ತದೆ, ಎರಡನೆಯದು ಸುಂಕದವನಿಗೆ ಕೈಮುಗಿಯುತ್ತದೆ. ಬಾಲದಲ್ಲಿ ಕೊಂಡಿಯಿರಬೇಕೆಂಬುದು ರೋಮಿನ ಕವಿ ಮಾರ್ಷಿಯಲ್‌ನಿಂದ ಬಂದ ಎಪಿಗ್ರಾಮ್, ಅಂದರೆ ಚುಟುಕದ, ಪದ್ಧತಿ. 1634ರಲ್ಲಿಯೇ ಲ್ಯಾಟಿನ್‌ನಲ್ಲಿ ಇಂಥ ಪವಿತ್ರ ಎಪಿಗ್ರಾಮ್‌ಗಳ ಸಂಕಲನವೊಂದನ್ನು ಕೇಂಬ್ರಿಡ್ಜ್‌ನಲ್ಲಿ ಪ್ರಕಟಿಸಿದ್ದ ಕ್ರ್ಯಾಷಾ, ಆ ಕೊಂಡಿಯನ್ನೇ ಭಕ್ತಿಯ ಸಾಧನವಾಗಿಸಿಕೊಂಡಿದ್ದಾನೆ.

ಶುದ್ಧ ವಿಡಂಬನೆಯ ಉದಾಹರಣೆ ರಿಚರ್ಡ್ ಬ್ರಾತ್‌ವೇಟ್‌ನದು. ಲ್ಯಾಟಿನ್ ಮತ್ತು ಇಂಗ್ಲಿಷ್ ಎರಡರಲ್ಲೂ ಇರುವ ಅವನ 1638ರ ಪ್ರವಾಸಪದ್ಯದಲ್ಲಿ, ಬ್ಯಾನ್‌ಬರಿ ಪಟ್ಟಣದ ಪ್ಯೂರಿಟನ್ (ಕಟ್ಟುನಿಟ್ಟಿನ ಪ್ರಾಟೆಸ್ಟೆಂಟ್) ಒಬ್ಬ ಸೋಮವಾರ ತನ್ನ ಬೆಕ್ಕನ್ನು ನೇಣಿಗೆ ಹಾಕುತ್ತಿದ್ದಾನೆ. ಬೆಕ್ಕಿನ ತಪ್ಪೆಂದರೆ ಭಾನುವಾರ ಇಲಿ ಕೊಂದದ್ದು. ನಗು ಇರುವುದು ವಾರದ ಲೆಕ್ಕದಲ್ಲಿ: ಭಾನುವಾರವೇ ನೇಣು ಹಾಕಿದರೆ ಅದೂ ಕೆಲಸವಾಗಿ ಸಬ್ಬತ್ (ಕೆಲಸ ನಿಷಿದ್ಧವಾದ ವಿಶ್ರಾಂತಿಯ ದಿನ) ಕೆಡುತ್ತದೆ, ಆದ್ದರಿಂದ ಶಿಕ್ಷೆ ಸೋಮವಾರಕ್ಕೆ. ಭಾನುವಾರದ ಆಟಪಾಟಗಳಿಗೆ ಅನುಮತಿ ಕೊಡುವ ರಾಜಾಜ್ಞೆಯನ್ನು 1618ರಲ್ಲಿ ದೊರೆ ಜೇಮ್ಸ್ ಹೊರಡಿಸಿ, 1633ರಲ್ಲಿ ಅವನ ಮಗ ಚಾರ್ಲ್ಸ್ ಮತ್ತೆ ಹೊರಡಿಸಿದ್ದರಿಂದ, ಅಂದಿನ ಓದುಗನಿಗೆ ಈ ಬೆಕ್ಕು ಬರಿಯ ಬೆಕ್ಕಾಗಿರಲಿಲ್ಲ. ಆದರೂ ಇಲ್ಲಿ ಪೆಟ್ಟು ಬೀಳುವುದು ನೇಮದ ಮೇಲೆಯೇ ಹೊರತು ದೇವರ ಮೇಲಲ್ಲ.

ಭಕ್ತಿಯ ಕಡೆಯಿಂದ ಜಾರ್ಜ್ ಹರ್ಬರ್ಟ್‌ನ ‘ಬಿಟರ್-ಸ್ವೀಟ್’ ನೋಡಬೇಕು. ಸಾಲ್ಸ್‌ಬರಿಯ ಪಕ್ಕದ ಬೆಮರ್ಟನ್‌ನಲ್ಲಿ ಪಾದ್ರಿಯಾಗಿದ್ದ ಅವನು ತೀರಿಕೊಂಡ 1633ರಲ್ಲಿಯೇ ‘ದ ಟೆಂಪಲ್’ ಅಚ್ಚಾಯಿತು. ಕ್ರ್ಯಾಷಾನ ಸಂಕಲನದ ಹೆಸರು ಅದರದೇ ನೆನಪು. ಎಂಟು ಸಣ್ಣ ಸಾಲುಗಳ ಈ ಪದ್ಯದ ಮೊದಲ ಸಾಲಿನಲ್ಲಿಯೇ ಪ್ರಭುವಿಗೆ ‘ಪ್ರಿಯ’, ‘ಮುನಿದ’ ಎಂಬ ಎರಡು ವಿಶೇಷಣಗಳು ಒತ್ತೊತ್ತಾಗಿ ಬರುತ್ತವೆ. ನೀನು ಪ್ರೀತಿಸುತ್ತೀ, ಆದರೂ ಹೊಡೆಯುತ್ತೀ. ನಾನೂ ಹಾಗೆಯೇ ಮಾಡುತ್ತೇನೆ, ದೂರುತ್ತಲೇ ಹೊಗಳುತ್ತೇನೆ ಎಂದು ಭಕ್ತ ಸರಿಗಟ್ಟುತ್ತಾನೆ. ಅಂದಿನ ಇಂಗ್ಲಿಷಿನಲ್ಲಿ ‘ಯೂ’ ದೊಡ್ಡವರಿಗೆ ಸಲ್ಲುವ ಮರ್ಯಾದೆಯ ಮಾತು. ಆಪ್ತರಿಗೂ ಕಿರಿಯರಿಗೂ ದೇವರಿಗೂ ‘ದೌ’. ಹರ್ಬರ್ಟ್ ಪ್ರಭುವನ್ನು ಕರೆಯುವ ಈ ‘ದೌ’ವನ್ನು ನಾವು ‘ತಾವು’ ಎಂದು ಕನ್ನಡಿಸಿದರೆ ಜಗಳವೇ ಹೋಗಿಬಿಡುತ್ತದೆ. ವಚನಕಾರರು, ದಾಸರು ದೇವರನ್ನು ಕರೆದ ‘ನೀನು’ ಇಲ್ಲಿ ತಾನಾಗಿ ಒದಗುತ್ತದೆ. ಕೊನೆಯ ಸಾಲಿನ ‘ಲಮೆಂಟ್’, ‘ಲವ್’ ಎರಡೂ ಲಕಾರದಿಂದ ಆರಂಭವಾಗುವುದರಿಂದ ಅಳುವುದು, ಒಲಿಯುವುದು ಎರಡೂ ನಾಲಿಗೆಯ ಮೇಲೆ ಒಂದೇ ಕಡೆಯಿಂದ ಹೊರಡುತ್ತವೆ. ಗಟ್ಟಿಯಾಗಿ ಓದಿದರೆ ಇದು ತಿಳಿಯುತ್ತದೆ.