ಪದ ಪರಿಚಯ: ಶಾಖಸಹಿಷ್ಣು ಹುಲ್ಲುಹಾಸು

ಹುಲ್ಲುಹಾಸಿನ ತಳಿ ಅಭಿವೃದ್ಧಿಯಲ್ಲಿ ‘ಶಾಖಸಹಿಷ್ಣುತೆ’ ಎಂದರೆ, ಬಿಸಿಲಿನ ತಿಂಗಳುಗಳಲ್ಲಿ ಮತ್ತೆ ಮತ್ತೆ ಕತ್ತರಿಸಿಕೊಂಡು, ಆಟಗಾರರ ತುಳಿತಕ್ಕೆ ಸಿಕ್ಕಿಯೂ ಹೊಸ ಎಲೆ, ಹೊಸ ಬೇರುಗಳನ್ನು ಕಟ್ಟಿಕೊಳ್ಳಬಲ್ಲ ಸಾಮರ್ಥ್ಯ. ಗಾಲ್ಫ್ ಮೈದಾನದಲ್ಲಿ ಚೆಂಡನ್ನು ಕುಳಿಗೆ ಉರುಳಿಸುವ ‘ಗ್ರೀನ್’ ಎಂಬ ಭಾಗದ ಹುಲ್ಲನ್ನು ಸುಮಾರು 3 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸುವುದರಿಂದ, ಆಹಾರ ತಯಾರಿಸುವ ಎಲೆಯೇ ಅದಕ್ಕೆ ಅತ್ಯಲ್ಪವಾಗಿ ಉಳಿಯುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯವೇ ಆಗಿರುವ ಕಲಬುರಗಿಯಂಥ ಊರಿನಲ್ಲಿ ಅಂಥ ಹಾಸು ಉಳಿಯಬೇಕಾದರೆ ಯಾವ ಹುಲ್ಲು ಬೇಕು ಎಂಬುದು ಈ ಪದದ ಅರ್ಥವನ್ನೇ ಅವಲಂಬಿಸಿದೆ.

ತಂಪು ದೇಶಗಳ ಗ್ರೀನ್‌ಗಳಲ್ಲಿ ಹೆಸರಾದ ಬೆಂಟ್‌ಗ್ರಾಸ್ ‘ಸಿ-3’ ಗುಂಪಿನ ಹುಲ್ಲು (ಸಸ್ಯಗಳು ಇಂಗಾಲವನ್ನು ಹಿಡಿಯುವ ಬಗೆಯನ್ನು ನೋಡಿ ಮಾಡಿದ ವಿಂಗಡಣೆ ಇದು). ಅದರ ಎಲೆ 15ರಿಂದ 24 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ. ಬೇರಿಗೆ ಇನ್ನೂ ತಂಪು ಬೇಕು. ಬಿಸಿ ಏರಿದಂತೆ ಆಹಾರ ತಯಾರಿಕೆಗೆ ಇಂಗಾಲದ ಡೈಆಕ್ಸೈಡ್ ಹಿಡಿದುಕೊಡುವ ಅದರ ರುಬಿಸ್ಕೊ ಎಂಬ ಕಿಣ್ವವು ಅದರ ಬದಲು ಆಮ್ಲಜನಕವನ್ನು ಹಿಡಿಯುವುದು ಹೆಚ್ಚುತ್ತದೆ, ಉಸಿರಾಟದ ವೆಚ್ಚವೂ ಏರುತ್ತದೆ. ಜಮೆಗಿಂತ ಖರ್ಚು ಹೆಚ್ಚಾದ ಸಂಸಾರದಂತೆ, ಕೂಡಿಟ್ಟ ಸಕ್ಕರೆ ಕರಗಿ ಮೊದಲು ಬೇರು ಸೊರಗುತ್ತದೆ. ಎಲೆ ಹಳದಿಯಾಗುವ ಹೊತ್ತಿಗೆ ಕೆಳಗಿನ ಬಿಳಿ ಬೇರುಗಳು ಕಂದು ಬಣ್ಣಕ್ಕೆ ತಿರುಗಿರುತ್ತವೆ. ಮಧ್ಯಾಹ್ನದ ಗಾಳಿಯ ಉಷ್ಣಕ್ಕಿಂತ ಮಣ್ಣಿನ ಉಷ್ಣ ಮತ್ತು ತಣಿಯದ ರಾತ್ರಿಗಳು ಈ ಹುಲ್ಲಿಗೆ ಹೆಚ್ಚು ಅಪಾಯಕಾರಿ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನೀರುಣಿಸಿದ ಹಾಸು ಒಣಹವೆಯಲ್ಲಿ ಎಲೆಯಿಂದ ನೀರಾವಿ ಬಿಟ್ಟು ತನ್ನನ್ನು ತಂಪಾಗಿಟ್ಟುಕೊಳ್ಳುತ್ತದೆ; ಅದು ಶಾಖದಿಂದ ತಪ್ಪಿಸಿಕೊಳ್ಳುವ ಉಪಾಯವೇ ಹೊರತು ಸಹಿಷ್ಣುತೆಯಲ್ಲ. ಜೀವಕೋಶವೇ ಬಿಸಿಯನ್ನು ತಾಳುತ್ತದೆಯೇ ಎಂದು ತಿಳಿಯಲು ತಳಿ ವಿಜ್ಞಾನಿಗಳು ಒಂದು ಸರಳ ಪರೀಕ್ಷೆ ಮಾಡುತ್ತಾರೆ. ಎಲೆಯ ಚೂರುಗಳನ್ನು ಬಟ್ಟಿ ಇಳಿಸಿದ ನೀರಿರುವ ಪ್ರನಾಳದಲ್ಲಿ ಹಾಕಿ ಬಿಸಿಗೆ ಒಡ್ಡಿ, ಆ ನೀರಿನ ವಿದ್ಯುತ್ ವಾಹಕತೆಯನ್ನು ಅಳೆಯುತ್ತಾರೆ; ಆಮೇಲೆ ಚೂರುಗಳನ್ನು ಪೂರ್ತಿ ಸಾಯಿಸಿ ಮತ್ತೆ ಅಳೆಯುತ್ತಾರೆ. ಕೋಶದ ಪೊರೆ ಹಾಳಾದಷ್ಟೂ ಲವಣಗಳು ಹೊರಗೆ ಸೋರುವುದರಿಂದ, ಎರಡನೆಯ ಅಳತೆಯ ಎದುರು ಮೊದಲನೆಯದು ಎಷ್ಟು ಕಡಿಮೆಯೋ ಆ ಗಿಡ ಅಷ್ಟು ಗಟ್ಟಿ. ಬೆಂಟ್‌ಗ್ರಾಸ್ ತಳಿಗಳಲ್ಲಿ ಇಂಥ ಗಟ್ಟಿ ಗಿಡಗಳನ್ನು ಆರಿಸಿ ಸಂಕರಿಸುವ ಕೆಲಸ ದಶಕಗಳಿಂದ ನಡೆದಿದೆ. ಆದರೂ ನಮ್ಮ ಬಿಸಿಲಿಗೆ ಆ ದಾರಿ ಬಲು ದೂರದ್ದು ಎಂಬುದು ನನ್ನ ಅನಿಸಿಕೆ.

ಹತ್ತಿರದ ದಾರಿ ತೊಗರಿ ಹೊಲದಲ್ಲೇ ಇದೆ. ಈ ಸೀಮೆಯ ರೈತರಿಗೆ ತಲೆನೋವಾಗಿರುವ ಕರಕಿಯೇ ಗಾಲ್ಫ್ ಲೋಕದ ಬರ್ಮುಡಾ ಹುಲ್ಲು. ಕುಂಟಿ ಹೊಡೆದರೆ ಮೇಲಿನದಷ್ಟೇ ಹೋಗಿ, ನೆಲದೊಳಗೆ ತುಂಡಾದ ಕಾಂಡ ಗಿಣ್ಣುಗಿಣ್ಣಿಗೂ ಚಿಗುರುತ್ತದೆ. ಅದಕ್ಕಾಗಿಯೇ ಬೇಸಿಗೆಯಲ್ಲಿ ಆಳವಾಗಿ ಉತ್ತು ಅದನ್ನು ಬಿಸಿಲಿಗೆ ಒಣಗಿಸುವುದು. ಜೋಳ, ಸಜ್ಜೆ, ಕಬ್ಬುಗಳಂತೆ ಇದೂ ‘ಸಿ-4’ ಗುಂಪಿನದು: ಇಂಗಾಲದ ಡೈಆಕ್ಸೈಡನ್ನು ಎಲೆಯೊಳಗೆ ರುಬಿಸ್ಕೊ ಸುತ್ತ ದಟ್ಟವಾಗಿಸುವುದರಿಂದ ಆಮ್ಲಜನಕದ ಕಾಟ ಇದಕ್ಕೆ ತೀರ ಕಡಿಮೆ. ಹೀಗಾಗಿ ಕರಕಿಯ ತಳಿಗಾರನಿಗೆ ಶಾಖ ದೊಡ್ಡ ಸಮಸ್ಯೆಯಲ್ಲ. ಒರಟು ಎಲೆ, ಉದ್ದ ಗಿಣ್ಣಿನ ಈ ಹುಲ್ಲು ತಗ್ಗು ಕತ್ತರಿಯಲ್ಲಿ ಒತ್ತಾಗಿ ಹಬ್ಬುವಂತೆ ಮಾಡುವುದೇ ಅವನ ಕೆಲಸ.

ಆ ಕೆಲಸವನ್ನು ಮೊದಲು ದೊಡ್ಡದಾಗಿ ಸಾಧಿಸಿದವರು ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್‌ನಲ್ಲಿದ್ದ ಗ್ಲೆನ್ ಬರ್ಟನ್. 36 ವರ್ಣತಂತುಗಳಿರುವ (ಗುಣಗಳನ್ನು ಪೀಳಿಗೆಗೆ ಸಾಗಿಸುವ ಕ್ರೋಮೋಸೋಮ್‌ಗಳು) ಸಾಮಾನ್ಯ ಕರಕಿಯನ್ನು 18 ವರ್ಣತಂತುಗಳ, ನವಿರು ಎಲೆಯ ಆಫ್ರಿಕಾದ ಸೋದರ ಜಾತಿಯೊಂದಿಗೆ ಸಂಕರಿಸಿದಾಗ 27 ವರ್ಣತಂತುಗಳ ಸಂಕರ ಹುಟ್ಟುತ್ತದೆ. ವರ್ಣತಂತುಗಳು ಸರಿಯಾಗಿ ಜೋಡಿಯಾಗದ ಕಾರಣ ಅದು ಬೀಜ ಕಟ್ಟುವುದಿಲ್ಲ. 1956ರಲ್ಲಿ ಬಂದ ಟಿಫ್‌ಗ್ರೀನ್, 1960ರ ಟಿಫ್‌ವೇ ಈ ಬಗೆಯವು. ಟಿಫ್‌ಗ್ರೀನ್‌ನಲ್ಲೇ ತಾನಾಗಿ ಕಾಣಿಸಿಕೊಂಡ ಗಿಡ್ಡ ರೂಪವು ಟಿಫ್‌ಡ್ವಾರ್ಫ್ ಆಯಿತು. 1990ರ ದಶಕದ ಕೊನೆಯಲ್ಲಿ ಬಂದ ಟಿಫ್‌ಈಗಲ್ ತಳಿಗೆ ಗಾಮಾ ಕಿರಣಗಳಿಂದಾದ ಮಾರ್ಪಾಡು ಮೂಲ. ಅಂದ ಹಾಗೆ, ನಮ್ಮ ಸಜ್ಜೆ ಬೆಳೆಗಾರರಿಗೂ ಬರ್ಟನ್ ಅವರ ಋಣವಿದೆ: ಅವರು ರೂಪಿಸಿದ ‘ಟಿಫ್ಟ್ 23ಎ’ ಎಂಬ ಗಂಡುಬಂಜೆ (ಫಲವತ್ತಾದ ಪರಾಗವಿಲ್ಲದ) ಸಜ್ಜೆ ತಳಿಯನ್ನು ಬಳಸಿಯೇ 1965ರಲ್ಲಿ ಭಾರತದ ಮೊದಲ ಸಂಕರ ಸಜ್ಜೆ ಎಚ್‌ಬಿ-1 ಬಂದದ್ದು.

ಬೀಜವಿಲ್ಲದ ತಳಿಯಾದ್ದರಿಂದ ಸಂಕರ ಕರಕಿಯನ್ನು ಕಾಂಡದ ತುಂಡು ನೆಟ್ಟು ಅಥವಾ ಚಾಪೆಯಂತೆ ಸುರುಳಿ ಹಾಸಿ ಬೆಳೆಸಬೇಕು. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ, ಗ್ರೀನ್ ಮಾಡುವವರು ಅದರ ಮೇಲೆ ಸುಮಾರು 30 ಸೆಂಟಿಮೀಟರ್ ಮರಳಿನ ಪದರ ಹಾಕುತ್ತಾರೆ. ನೆಡುವ ಮುನ್ನ ಅಲ್ಲಿರುವ ಊರ ಕರಕಿಯನ್ನು ನೀರುಣಿಸಿ ಚಿಗುರಿಸಿ, ಚಿಗುರಿದ್ದನ್ನು ಕೊಂದು, ಇದನ್ನೇ ಮತ್ತೆ ಮಾಡಬೇಕು. ಏಕೆಂದರೆ ಅದು ಒಮ್ಮೆ ಸಂಕರದ ನಡುವೆ ಹೊಕ್ಕರೆ ಒಂದನ್ನು ಉಳಿಸಿ ಇನ್ನೊಂದನ್ನಷ್ಟೇ ಸಾಯಿಸುವಂಥ ಕಳೆನಾಶಕ ಸಿಗುವುದು ಕಷ್ಟ, ಆ ತೇಪೆಯನ್ನು ಅಗೆದೇ ತೆಗೆಯಬೇಕಾಗುತ್ತದೆ.