ಇನ್ಸುಲಿನ್ ಚುಚ್ಚಿಸಿಕೊಳ್ಳದವರಲ್ಲೂ ಇನ್ಸುಲಿನ್ ಪ್ರತಿಕಾಯ

1950ರ ದಶಕದ ನಡುವೆ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿದ್ದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ಒಂದು ವಿಷಯ ಕಂಡುಕೊಂಡರು. ಇನ್ಸುಲಿನ್ ಚುಚ್ಚುಮದ್ದು ಪಡೆಯುವವರ ರಕ್ತದಲ್ಲಿ ಅದನ್ನು ಹಿಡಿದಿಟ್ಟುಕೊಳ್ಳುವ ಪ್ರತಿಕಾಯಗಳು, ಅಂದರೆ ರೋಗನಿರೋಧಕ ವ್ಯವಸ್ಥೆಯ ಪ್ರೋಟೀನುಗಳು, ಹುಟ್ಟುತ್ತವೆ ಎಂಬುದು ಅದು. ಅಷ್ಟು ಪುಟ್ಟ ಪ್ರೋಟೀನಿನ ವಿರುದ್ಧ ದೇಹ ಪ್ರತಿಕಾಯ ತಯಾರಿಸಲಾರದು ಎಂದು ಆಗಿನ ತಜ್ಞರು ನಂಬಿದ್ದರು. ಲೇಖನ ತಿರಸ್ಕೃತವಾಯಿತು. ಕೊನೆಗೆ 1956ರಲ್ಲಿ ಪ್ರಕಟವಾದಾಗ ಶೀರ್ಷಿಕೆಯಲ್ಲಿ 'ಪ್ರತಿಕಾಯ' ಎಂಬ ಪದವೇ ಇರಲಿಲ್ಲ. ಇನ್ಸುಲಿನ್ ಹಿಡಿಯುವ ಗ್ಲಾಬ್ಯುಲಿನ್ (ರಕ್ತದ ಒಂದು ಬಗೆಯ ಪ್ರೋಟೀನ್) ಎಂದಷ್ಟೇ ಇತ್ತು. ಬರ್ಸನ್ 1972ರಲ್ಲಿ ತೀರಿಕೊಂಡರು. 1977ರಲ್ಲಿ ನೊಬೆಲ್ ಪಡೆದ ಯಾಲೊ ಆ ತಿರಸ್ಕಾರ ಪತ್ರವನ್ನು ತಮ್ಮ ನೊಬೆಲ್ ಉಪನ್ಯಾಸದಲ್ಲೇ ಸೇರಿಸಿದರು.

1970ರಲ್ಲಿ ಜಪಾನಿನ ವೈದ್ಯ ಯುಕಿಮಾಸಾ ಹಿರಾಟ ವರದಿ ಮಾಡಿದ್ದು ಇನ್ನೂ ವಿಚಿತ್ರ. ಎಂದೂ ಇನ್ಸುಲಿನ್ ಚುಚ್ಚಿಸಿಕೊಳ್ಳದ ರೋಗಿಯ ರಕ್ತದಲ್ಲಿ ಅಂಥದೇ ಪ್ರತಿಕಾಯಗಳಿದ್ದವು, ಜೊತೆಗೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತಿತ್ತು. ಈ ತೊಂದರೆಗೆ ಈಗ ಹಿರಾಟ ಕಾಯಿಲೆ ಎಂದೇ ಹೆಸರು.

ಪ್ರತಿಕಾಯ ಇನ್ಸುಲಿನ್ನನ್ನು ಕಟ್ಟಿಹಾಕಿದರೆ ಸಕ್ಕರೆ ಏರಬೇಕಲ್ಲವೇ? ಊಟವಾದ ಕೂಡಲೇ ಆಗುವುದು ಅದೇ. ಸಕ್ಕರೆ ಇಳಿಯದಿರುವುದರಿಂದ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ, ಅದೂ ಪ್ರತಿಕಾಯಗಳ ಹಿಡಿತಕ್ಕೆ ಸೇರುತ್ತದೆ. ಕೆಲವು ಗಂಟೆಗಳ ನಂತರ, ಊಟ ಜೀರ್ಣವಾಗಿ ಹೊಟ್ಟೆ ಖಾಲಿಯಾದ ಹೊತ್ತಿನಲ್ಲಿ, ಆ ಹಿಡಿತ ಸಡಿಲವಾಗಿ ಇನ್ಸುಲಿನ್ ಬಿಡುಗಡೆಯಾಗುತ್ತದೆ. ತುಂಬಿದ ಕೆರೆಯ ತೂಬು ಬೆಳೆ ಕೊಯ್ದ ಮೇಲೆ ತೆರೆದಂತೆ. ಆಗ ಸಕ್ಕರೆ ಕುಸಿದು ತಣ್ಣನೆಯ ಬೆವರು, ನಡುಕ, ಮಂಕು. ಕೆಲವರಿಗೆ ಪ್ರಜ್ಞೆಯೇ ತಪ್ಪುತ್ತದೆ.

ಈ ಪ್ರತಿಕಾಯಗಳು ಏಕೆ ಹುಟ್ಟುತ್ತವೆ ಎಂಬುದರ ಸುಳಿವು ಸಿಕ್ಕಿದ್ದು ಮಾತ್ರೆಗಳಲ್ಲಿ. ಜಪಾನಿನ ರೋಗಿಗಳಲ್ಲಿ ಹಲವರು ಥೈರಾಯ್ಡ್ ಅತಿಯಾದದ್ದಕ್ಕೆ ಮೆಥಿಮಜೋಲ್ ನುಂಗುತ್ತಿದ್ದರು. ಇನ್ಸುಲಿನ್ ಅಣುವಿನ ಎರಡು ಸರಪಳಿಗಳನ್ನು ಜೋಡಿಸಿರುವುದು ಗಂಧಕದ ಕೊಂಡಿಗಳು. ಗಂಧಕವಿರುವ ಇಂಥ ಔಷಧಗಳು ಆ ಕೊಂಡಿಗಳನ್ನು ಬಿಡಿಸಿ, ಒಳಗೆ ಅಡಗಿದ್ದ ತುಣುಕನ್ನು ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳಿಸುತ್ತವೆ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ. ಎಲ್ಲರಿಗೂ ಹೀಗಾಗುವುದಿಲ್ಲ. ಡಿಆರ್‌ಬಿ1*04:06 ಎಂಬ ವಂಶವಾಹಿ ಮಾದರಿ ಇರುವವರಿಗೆ ಅಪಾಯ ಹೆಚ್ಚು. ಅದು ಪೂರ್ವ ಏಷ್ಯಾದಲ್ಲಿ ಹೆಚ್ಚಾಗಿರುವುದು ಕಾಯಿಲೆ ಮೊದಲು ಜಪಾನಿನಲ್ಲಿ ಕಣ್ಣಿಗೆ ಬೀಳಲು ಒಂದು ಕಾರಣವಿರಬಹುದು.

ನಮ್ಮಲ್ಲಿ ಥೈರಾಯ್ಡ್‌ಗೆ ಕೊಡುವ ಕಾರ್ಬಿಮಜೋಲ್ ದೇಹದೊಳಗೆ ಮೆಥಿಮಜೋಲ್ ಆಗಿಯೇ ಬದಲಾಗುತ್ತದೆ. ಅಂಗಾಲು ಉರಿ, ಜೋಮು ಎಂದವರಿಗೆ ಬರೆಯುವ ನರದ ಮಾತ್ರೆಗಳ ಪಟ್ಟಿಯ ಹಿಂಭಾಗ ತಿರುಗಿಸಿ ಓದಿ: ಮಿಥೈಲ್‌ಕೋಬಾಲಮಿನ್ ಪಕ್ಕದಲ್ಲಿ ಆಲ್ಫಾ ಲಿಪೋಯಿಕ್ ಆಸಿಡ್ ಎಂದು ಸಣ್ಣ ಅಕ್ಷರದಲ್ಲಿ ಇರುವುದುಂಟು. ಗಂಧಕವಿರುವ ಆ ಆಸಿಡ್‌ನಿಂದ ಈ ಕಾಯಿಲೆ ಬಂದ ಪ್ರಕರಣಗಳು ಇಟಲಿಯಲ್ಲೂ ಭಾರತದಲ್ಲೂ ದಾಖಲಾಗಿವೆ. ಅದನ್ನು ಬರಿಯ ವಿಟಮಿನ್ ಎಂದುಕೊಂಡ ರೋಗಿ ವೈದ್ಯರಿಗೆ ಹೇಳುವುದೇ ಇಲ್ಲ. ನನಗೆ ಹೆಚ್ಚು ಕಳವಳ ಹುಟ್ಟಿಸುವುದು ಇದೇ.

ಏಕೆಂದರೆ ಸಕ್ಕರೆ ಕಡಿಮೆ, ಇನ್ಸುಲಿನ್ ಹೆಚ್ಚು ಎಂಬ ವರದಿ ನೋಡಿದೊಡನೆ ಮನಸ್ಸು ಇನ್ಸುಲಿನ್ ಸುರಿಸುವ ಇನ್ಸುಲಿನೋಮಾ ಎಂಬ ಗೆಡ್ಡೆಯ ಕಡೆ ಓಡುತ್ತದೆ. ಇಲ್ಲದ ಗೆಡ್ಡೆಗಾಗಿ ಮೇದೋಜೀರಕ ಗ್ರಂಥಿಯ ಭಾಗವನ್ನೇ ಕತ್ತರಿಸಿದ್ದೂ ಇದೆ. ಇದನ್ನು ತಪ್ಪಿಸಲು, ಸಕ್ಕರೆ ಡೆಸಿಲೀಟರಿಗೆ 55 ಮಿಲಿಗ್ರಾಂಗಿಂತ ಕೆಳಗಿಳಿದ ಆ ಹೊತ್ತಿನಲ್ಲೇ ರಕ್ತ ತೆಗೆದು, ತಡಮಾಡದೆ ಗ್ಲೂಕೋಸ್ ಕೊಡಬೇಕು. ಗೆಡ್ಡೆಯಿದ್ದಾಗ ಇನ್ಸುಲಿನ್ ಪ್ರಮಾಣ ಮಿಲಿಲೀಟರಿಗೆ 100 ಮೈಕ್ರೋಯೂನಿಟ್ ದಾಟುವುದು ಅಪರೂಪ. ಹಿರಾಟ ಕಾಯಿಲೆಯಲ್ಲಿ ಅದು ಸಾಮಾನ್ಯವಾಗಿ 100 ಮೀರಿರುತ್ತದೆ, ಸಾವಿರ ದಾಟುವುದೂ ಉಂಟು. ಇನ್ಸುಲಿನ್ ಹೊರಗಿನಿಂದ ಬಂದಿದ್ದರೆ, ದೇಹ ತಾನೇ ಇನ್ಸುಲಿನ್ ತಯಾರಿಸುವಾಗ ಜೊತೆಗೆ ಹುಟ್ಟುವ ಸಿ-ಪೆಪ್ಟೈಡ್ ತೀರಾ ಕಡಿಮೆಯಿರುತ್ತದೆ, ಇಲ್ಲಿ ಹಾಗಿರುವುದಿಲ್ಲ. ಕೊನೆಗೆ ಪ್ರತಿಕಾಯ ಪರೀಕ್ಷೆ.

ಇದಕ್ಕೆ ಹತ್ತಿರದ ಇನ್ನೊಂದು ಕಾಯಿಲೆಯಲ್ಲಿ ಪ್ರತಿಕಾಯ ಕೂರುವುದು ಇನ್ಸುಲಿನ್ ಮೇಲಲ್ಲ, ಜೀವಕೋಶದ ಮೇಲಿನ ಇನ್ಸುಲಿನ್ ಗ್ರಾಹಕದ ಮೇಲೆ. ಅಮೆರಿಕದ ಸಂಶೋಧಕರು 1970ರ ದಶಕದಲ್ಲಿ ಗುರುತಿಸಿದ ಇದು ಲೂಪಸ್ (ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೆಯೇ ತಿರುಗಿ ಬೀಳುವ ಕಾಯಿಲೆ) ಇರುವವರಲ್ಲಿ ಹೆಚ್ಚು. ಸಕ್ಕರೆ ವಿಪರೀತ ಏರಬಹುದು, ಅದೇ ರೋಗಿಯಲ್ಲಿ ಮುಂದೆ ವಿಪರೀತ ಇಳಿಯಲೂಬಹುದು. ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ರಿಟುಕ್ಸಿಮ್ಯಾಬ್‌ನಂಥ ಬಲವಾದ ಔಷಧಗಳಿಲ್ಲದೆ ಇದನ್ನು ನಿಭಾಯಿಸುವುದು ಕಷ್ಟ.

ಹಿರಾಟ ಕಾಯಿಲೆಯ ಚಿಕಿತ್ಸೆ ಅದಕ್ಕಿಂತ ಸರಳ. ಕಾರಣವಾದ ಮಾತ್ರೆಯನ್ನು ವೈದ್ಯರು ನಿಲ್ಲಿಸುತ್ತಾರೆ. ಅನ್ನ, ಸಿಹಿ ತಗ್ಗಿಸಿ ಸ್ವಲ್ಪ ಸ್ವಲ್ಪವಾಗಿ ಆರು ಬಾರಿ ಉಣ್ಣಲು ಹೇಳುತ್ತಾರೆ. ಬಗ್ಗದಿದ್ದರೆ ಪಿಷ್ಟ ಜೀರ್ಣವಾಗುವುದನ್ನು ನಿಧಾನಿಸುವ ಅಕಾರ್ಬೋಸ್, ಇಲ್ಲವೇ ಪ್ರತಿಕಾಯ ತಗ್ಗಿಸುವ ಸ್ಟೀರಾಯ್ಡ್. ಹೆಚ್ಚಿನವರಲ್ಲಿ ಕೆಲವೇ ತಿಂಗಳಲ್ಲಿ ಪ್ರತಿಕಾಯಗಳು ತಗ್ಗಿ, ರಾತ್ರಿ ತಲೆದಿಂಬಿನ ಬಳಿ ಸಕ್ಕರೆ ಡಬ್ಬಿ ಇಟ್ಟುಕೊಳ್ಳುವುದು ನಿಲ್ಲುತ್ತದೆ.