ಬ್ರಷ್ ಫೈರ್ ಅಂದ್ರೆ ಚಿಕ್ಕ ಬೆಂಕಿನಾ?

ಅಮೆರಿಕದ ಸುದ್ದಿಗಳಲ್ಲಿ ‘ಬ್ರಷ್ ಫೈರ್’ ಅನ್ನೋ ಮಾತು ಆಗಾಗ ಬರುತ್ತದೆ. ನೇರ ಅರ್ಥ, ಗಿಡಗಂಟಿಗೆ ಹತ್ತಿದ ಬೆಂಕಿ. ಆದರೆ ಬಳಸಿ ಬಳಸಿ ಅದಕ್ಕೆ ‘ಸಣ್ಣ ಕಾಡ್ಗಿಚ್ಚು’ ಅನ್ನೋ ಅರ್ಥವೂ ಅಂಟಿಕೊಂಡಿದೆ. ಶೀತಲ ಸಮರದ ಕಾಲದಲ್ಲಿ ದೂರದ ಮೂಲೆಯ ಪುಟ್ಟ ಯುದ್ಧಗಳಿಗೂ ಅಲ್ಲಿ ‘ಬ್ರಷ್‌ಫೈರ್ ವಾರ್’ ಎನ್ನುತ್ತಿದ್ದರು. ಬೇಗ ಆರಿಸಿಬಿಡಬಹುದು ಅನ್ನೋ ಧಾಟಿ. ವಿಯೆಟ್ನಾಂ ಯುದ್ಧ ವರ್ಷಗಟ್ಟಲೆ ಆರಲೇ ಇಲ್ಲ ಅಂತ ಗೊತ್ತೇ ಇದೆಯಲ್ಲ!

ಇಲ್ಲಿ ‘ಬ್ರಷ್’ ಅಂದರೆ ಕುರುಚಲು. ಏನು ಉರಿಯುತ್ತಿದೆ ಅಂತ ಹೇಳುತ್ತದೆಯೇ ಹೊರತು ಎಷ್ಟು ಉರಿಯುತ್ತಿದೆ ಅಂತಲ್ಲ. ನಮ್ಮ ‘ಕಾಡ್ಗಿಚ್ಚು’ ಈ ಅಳತೆಯ ಗೋಜಿಗೇ ಹೋಗಿಲ್ಲ, ಒಳ್ಳೆಯದೇ ಆಯ್ತು.

ಸೌದೆ ಒಲೆ ಹಚ್ಚಿದವರಿಗೆ ಕುರುಚಲಿನ ಗುಣ ಗೊತ್ತಿರುತ್ತದೆ. ಕೊರಡಿಗೆ ನೇರ ಕಡ್ಡಿ ಗೀರಿದರೆ ಹತ್ತುವುದಿಲ್ಲ. ಮೊದಲು ಪುರುಲೆ ಬೇಕು, ಒಣ ತೆಂಗಿನ ಗರಿ ಬೇಕು. ಸಪೂರ ಕಡ್ಡಿಯಲ್ಲಿ ತೂಕ ಕಡಿಮೆ, ಗಾಳಿಗೆ ತೆರೆದ ಮೈ ಜಾಸ್ತಿ. ಹಾಗಾಗಿ ಬೇಗ ಒಣಗುತ್ತದೆ, ಬೇಗ ಕಾಯುತ್ತದೆ, ಭಗ್ಗನೆ ಹತ್ತುತ್ತದೆ. ಅಮೆರಿಕದ ಬೆಂಕಿ ತಜ್ಞರು ಕಾಲಿಂಚಿಗಿಂತ ಸಪೂರವಾದ ಒಣ ಕಡ್ಡಿ, ಹುಲ್ಲಿಗೆ ‘ಒಂದು ಗಂಟೆಯ ಉರುವಲು’ ಎನ್ನುತ್ತಾರೆ. ಗಾಳಿಯ ತೇವ ಇಳಿದರೆ ಗಂಟೆಯೊಳಗೇ ಅದರ ತೇವವೂ ಇಳಿಯುತ್ತದೆ. ಮೂರು ಇಂಚು ಮೀರಿದ ಕೊರಡು ‘ಸಾವಿರ ಗಂಟೆಯ ಉರುವಲು’. ಎರಡರ ನಡುವೆ ಎಷ್ಟು ಅಂತರ ನೋಡಿ! ದಕ್ಷಿಣ ಕ್ಯಾಲಿಫೋರ್ನಿಯಾದ ಬೆಟ್ಟಗಳನ್ನು ಮುಚ್ಚಿರುವುದು ಬಹುಪಾಲು ಇಂಥ ಕುರುಚಲೇ. ಹೆಸರು ಶಾಪರಲ್. ಕೆಲವು ಗಿಡಗಳ ಎಲೆಯಲ್ಲಿ ಉರಿಯುವ ರಾಳ ಬೇರೆ ಇದೆ. ಅದರ ಮೇಲೆ ಮರುಭೂಮಿ ಕಡೆಯಿಂದ ಸಾಂಟಾ ಆನಾ ಎಂಬ ಒಣಗಾಳಿ ಬೀಸುತ್ತದೆ.

2025ರ ಜನವರಿ 7ರ ಬೆಳಗ್ಗೆ ಲಾಸ್ ಏಂಜಲೀಸ್‌ನ ಪ್ಯಾಲಿಸೇಡ್ಸ್‌ನಲ್ಲಿ ಹತ್ತು ಎಕರೆಯ ‘ಬ್ರಷ್ ಫೈರ್’ ಅಂತ ಸುದ್ದಿ ಬಂತು. ಅದು ಆರುವ ಹೊತ್ತಿಗೆ 23 ಸಾವಿರಕ್ಕೂ ಹೆಚ್ಚು ಎಕರೆ ಸುಟ್ಟಿತ್ತು. ಆರು ಸಾವಿರಕ್ಕೂ ಜಾಸ್ತಿ ಕಟ್ಟಡಗಳು ಬೂದಿಯಾಗಿದ್ದವು, 12 ಜನ ಸತ್ತಿದ್ದರು.

ಅಲ್ಲಿನ ತನಿಖೆದಾರರ ಪ್ರಕಾರ ಇದರ ಮೂಲ ಇನ್ನೂ ಚಿಕ್ಕದು. ಜನವರಿ 1ರಂದು ಅದೇ ಬೆಟ್ಟದಲ್ಲಿ ಸುಮಾರು ಎಂಟು ಎಕರೆಗೆ ಬೆಂಕಿ ಹತ್ತಿತ್ತು. ನೀರು ಹಾಕಿ ಆರಿಸಿದ್ದೂ ಆಯ್ತು. ಆದರೆ ಬೂದಿ ಮುಚ್ಚಿದ ಕೆಂಡ ಅಂತೀವಲ್ಲ, ಇಲ್ಲಿ ಮಣ್ಣೇ ಮುಚ್ಚಿತ್ತು. ನೆಲದಡಿಯ ಬೇರುಗಳಲ್ಲಿ ಕೆಂಡ ಹಾಗೇ ಉಳಿದಿತ್ತು. ಆರು ದಿನ ಕಳೆದು ಗಾಳಿ ಎದ್ದಿತು. ಆ ಕೆಂಡವೂ ಮೇಲೆ ಬಂತು.